ಲೀಟರಿಗೆ ಹನ್ನೆರಡು

ಆ ನೀರಿನ ಡಿಪೋದಲ್ಲಿ ಮೈಲೇಜಿನ ಮಾತು ಬಂತೆಂದರೆ ಸಾಕು, ಎಲ್ಲರೂ ಪೆಟ್ರೋಲ್ ಕೋಣೆಯ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿ ಸ್ಟೂಲಿನ ಮೇಲೆ ಕುಳಿತು ಅಳತೆಯ ಪಾತ್ರೆ ಒರೆಸುತ್ತಿದ್ದವನೇ ಲೀಟರಪ್ಪ. ತಂದೆ ತಾಯಿ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಮಿಕ್ಕ ಸವಾರರ ಗಾಡಿ ಲೀಟರಿಗೆ ಎಂಟು ಕಿಲೋಮೀಟರ್ ಓಡಿದರೆ ಇವನದು ಹನ್ನೆರಡು ಓಡಿತ್ತು. ಹೆಸರು ಬಂದದ್ದು ಹಾಗೆ.

ಡಿಪೋದ ಒಬ್ಬೊಬ್ಬ ಸವಾರನಿಗೂ ಒಂದೊಂದು ಕೊಳವೆಯ ಲೈನು. ಲೀಟರಪ್ಪನದು ಬೆಟ್ಟದ ಮೇಲಿನ ಕೆರೆಯಿಂದ ಪಟ್ಟಣಕ್ಕೆ ನೀರು ತರುವ ದಪ್ಪ ಕೊಳವೆ, ನಲವತ್ತೆಂಟು ಕಿಲೋಮೀಟರ್ ಉದ್ದ. ಅದರ ಉದ್ದಕ್ಕೂ ಏಳು ವಾಲ್ವ್ ಕೋಣೆಗಳು. ದಿನ ಬಿಟ್ಟು ದಿನ ಸವಾರ ಎಟಿವಿ ಹತ್ತಿ ಏಳೂ ಕೋಣೆಗೆ ಹೋಗಬೇಕು, ಒತ್ತಡದ ಮೀಟರ್ ನೋಡಬೇಕು, ಅಂಕಿಯನ್ನು ಅಲ್ಲೇ ಗೋಡೆಗೆ ತೂಗುಹಾಕಿದ ಕಾರ್ಡಿನಲ್ಲಿ ಒಮ್ಮೆ, ತನ್ನ ಪುಸ್ತಕದಲ್ಲಿ ಒಮ್ಮೆ ಬರೆದುಕೊಂಡು ವಾಪಸ್ಸಾಗಬೇಕು. ಹೋಗಿ ಬರಲು ತೊಂಬತ್ತಾರು ಕಿಲೋಮೀಟರ್. ದಾರಿ ಅನ್ನುವುದು ಬಾಯಿಮಾತಿಗೆ ಅಷ್ಟೇ. ಇರುವುದು ಕಲ್ಲು, ಮರಳು, ಒಣಗಿದ ಹಳ್ಳ. ನಾಲ್ಕು ದಪ್ಪ ಚಕ್ರದ, ಸ್ಕೂಟರಿನ ಹಾಗೆ ಹ್ಯಾಂಡಲ್ ಇರುವ ಆ ಗಾಡಿ ಬಿಟ್ಟರೆ ಬೇರೆ ಯಾವುದೂ ಅಲ್ಲಿ ಓಡದು. ಗಾಡಿಗಳ ಕಿಲೋಮೀಟರ್ ಮುಳ್ಳು ಕಲ್ಲೇಟು ತಿಂದು ಯಾವತ್ತೋ ಸತ್ತಿತ್ತು. ಹಾಗಾಗಿ ಈ ಲೈನಿನ ಲೆಕ್ಕ ಬಲು ಸುಲಭ: ತೊಂಬತ್ತಾರನ್ನು ಖರ್ಚಾದ ಪೆಟ್ರೋಲಿನಿಂದ ಭಾಗಿಸಿದರೆ ಮೈಲೇಜು.

ಲೀಟರಪ್ಪ ಎಂಟು ಲೀಟರಿನಲ್ಲಿ ಹೋಗಿ ಬರುತ್ತಿದ್ದ. ಮುಖ್ಯ ಕಚೇರಿಯವರು ಬೆರಗಾಗಿ ಪ್ರಶಸ್ತಿಪತ್ರ ಕೊಟ್ಟರು, ಫೋಟೋ ತೆಗೆದು ಗೋಡೆಗೆ ಹಾಕಿದರು. ಗುಟ್ಟೇನು ಎಂದು ಕೇಳಿದವರಿಗೆ ಅವನು ಸುಮ್ಮನಿರಲಾಗದೆ ಒಂದಿಷ್ಟು ಹೇಳುತ್ತಿದ್ದ. ಟಯರಿನ ಗಾಳಿ ನೋಡ್ಕೊಳ್ಳಿ. ಮರಳು ಬಂದಾಗ ಮಾತ್ರ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹಾಕಿ, ಆಮೇಲೆ ಬಿಡಿಸಿ. ಆಕ್ಸಿಲರೇಟರನ್ನ ಹೆಬ್ಬೆರಳಲ್ಲಿ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಿ. ಇದೆಲ್ಲ ನಿಜವೇ, ಆದರೆ ಇದರಿಂದ ಎಂಟು ಹನ್ನೆರಡಾಗುವುದಿಲ್ಲ, ಹೆಚ್ಚೆಂದರೆ ಒಂಬತ್ತಾದೀತು. ಅದು ಅವನಿಗೂ ಗೊತ್ತಿತ್ತು.

ನಿಜ ಸಂಗತಿ ಏನೆಂದರೆ ಅವನು ಏಳನೇ ಕೋಣೆಗೆ ಹೋಗುತ್ತಲೇ ಇರಲಿಲ್ಲ.

ಆರನೇ ಕೋಣೆಯಾದ ಮೇಲೆ ಒಂದು ದಿಣ್ಣೆ, ಅದರಾಚೆ ಹರಳುಕಲ್ಲಿನ ಕಡಿದಾದ ಇಳಿಜಾರು. ಒಂದು ದಿನ ಅಲ್ಲಿ ಗಾಡಿ ಮಗುಚಿ ಅವನ ಮೇಲೆ ಬಿತ್ತು. ಮುಕ್ಕಾಲು ಗಂಟೆ ಅದರಡಿ ಸಿಕ್ಕಿಕೊಂಡು, ತಾನೇ ಹೇಗೋ ಕಲ್ಲು ಕೆದಕಿ ಹೊರಗೆ ಬಂದ. ಮೂಳೆ ಮುರಿಯಲಿಲ್ಲ, ಯಾರೂ ನೋಡಲಿಲ್ಲ, ಅವನೂ ಹೇಳಲಿಲ್ಲ. ಮುಂದಿನ ಸಲ ದಿಣ್ಣೆಯ ಮೇಲೆ ನಿಂತಾಗ ಮಾತ್ರ ಕೈ ಗಡಗಡ ನಡುಗತೊಡಗಿತು. ಇವತ್ತೊಂದು ದಿನ ಬೇಡ ಎಂದು ತಿರುಗಿಸಿದ. ಆ ಒಂದು ದಿನ ಹದಿನಾಲ್ಕು ತಿಂಗಳಾಯಿತು. ಏಳನೆಯದರ ಒತ್ತಡ ಯಾವಾಗಲೂ ಆರನೆಯದಕ್ಕಿಂತ ನಾಲ್ಕು ಹೆಚ್ಚು. ಕೂಡಿಸಿ ಪುಸ್ತಕದಲ್ಲಿ ಬರೆದರೆ ಯಾವ ಕಚೇರಿಯೂ ಕೇಳುವುದಿಲ್ಲ. ಹೋಗದೆ ಉಳಿದದ್ದು ಇಪ್ಪತ್ನಾಲ್ಕು ಕಿಲೋಮೀಟರ್, ಅದೂ ಪೆಟ್ರೋಲನ್ನು ನೀರಿನಂತೆ ಕುಡಿಯುವ ಏರಿಳಿತದ ಭಾಗ. ಒಂದೊಂದು ಸುತ್ತಿಗೆ ನಾಲ್ಕು ಲೀಟರ್ ಮಿಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಸದ್ದಿಲ್ಲದೆ ಸಾಗಹಾಕುತ್ತಿದ್ದರು, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಈ ಪುಣ್ಯಾತ್ಮನಿಗೆ ಕದಿಯುವ ಬುದ್ಧಿಯಿಲ್ಲ. ಮಿಕ್ಕಿದ್ದನ್ನು ನಿಯತ್ತಾಗಿ ಅಳೆದು ವಾಪಸ್ ಕೊಟ್ಟ, ಪ್ರಶಸ್ತಿ ಅಂಟಿಕೊಂಡಿತು.

ಕೊನೆಗೆ ಮಂಡಿನೋವಿನ ನೆಪ ಹೇಳಿ ಸವಾರಿ ಬಿಟ್ಟು ಪೆಟ್ರೋಲ್ ಕೋಣೆ ಸೇರಿಕೊಂಡ. ಅವನ ಲೈನು, ಅದರ ಪುಸ್ತಕದ ಸಮೇತ, ಅಳಿಯನಿಗೆ ಬಂತು. ಅಳಿಯ ಅದೇ ಡಿಪೋದ ಸವಾರ. ಗಾಡಿ ಓಡಿಸಲು ಕಲಿಸಿದವನೂ ಲೀಟರಪ್ಪನೇ. ಮದುವೆಯ ಹಿಂದಿನ ದಿನದವರೆಗೂ ಅವನನ್ನು 'ಏಯ್' ಅನ್ನುತ್ತಿದ್ದ ಲೀಟರಪ್ಪ ಮರುದಿನದಿಂದ 'ನೀವು' ಅನ್ನಲು ಕಲಿಯಬೇಕಾಗಿ ಬಂದು ತಿಂಗಳುಗಟ್ಟಲೆ ತೊದಲಿದ್ದ. ಮಾವ, ಮಗಳು, ಅಳಿಯ ಮೂರೂ ಜನ ಡಿಪೋದ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿದ್ದರು.

ಅಳಿಯ ಮೊದಲ ಸಲ ಏಳನೇ ಕೋಣೆಗೆ ಹೋದ ದಿನ ಲೀಟರಪ್ಪನಿಗೆ ಊಟ ಗಂಟಲಲ್ಲಿಳಿಯಲಿಲ್ಲ. ಅಲ್ಲಿನ ಕಾರ್ಡಿನಲ್ಲಿ ಹದಿನಾಲ್ಕು ತಿಂಗಳ ಖಾಲಿ ಗೆರೆಗಳಿವೆ. ಎರಡು ವರ್ಷಕ್ಕೊಮ್ಮೆ ಬದಲಾಗುವ, ದಿನಾಂಕ ಮೊದಲೇ ಅಚ್ಚಾದ ಕಾರ್ಡು ಅದು. ಆದರೆ ಸಂಜೆ ಬಂದ ಅಳಿಯ ಕೈಕಾಲು ತೊಳೆದು, "ದಿಣ್ಣೆ ಹತ್ರ ಗಾಳಿ ಜಾಸ್ತಿ ಮಾವ," ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಇವನು ಹಳೆಯ ಗೆರೆಗಳನ್ನು ನೋಡುವ ಆಸಾಮಿಯಲ್ಲ ಎಂದು ಲೀಟರಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೂರು ತಿಂಗಳು ಹೀಗೇ ಹೋಯಿತು. ಆಮೇಲೆ ಹೊಸ ಮೇಲ್ವಿಚಾರಕಿ ಬಂದರು. ಪಟ್ಟಣದ ಕಚೇರಿಯಲ್ಲಿ ಕೆಲಸ ಮಾಡಿದವರು, ಎಟಿವಿ ಮೇಲೆ ಕೂತವರೂ ಅಲ್ಲ, ಆದರೆ ಪುಸ್ತಕ ಹಿಡಿದರೆ ಬಿಡುವವರೂ ಅಲ್ಲ. ಒಂದೇ ಗಾಡಿ, ಒಂದೇ ದಾರಿ. ಮಾವನಿಗೆ ಎಂಟು ಲೀಟರ್, ಅಳಿಯನಿಗೆ ಹನ್ನೆರಡು. ಮೇಡಂ ಅಳಿಯನನ್ನು ಕರೆಸಿದರು. ಲೀಟರಪ್ಪನೂ ರಿಜಿಸ್ಟರ್ ಹಿಡಿದು ಅಲ್ಲೇ ನಿಂತಿದ್ದ.

"ಈ ನಾಲ್ಕು ಲೀಟರ್ ಯಾರು ಕುಡೀತಾರೆ?"

"ಗಾಡಿನೇ ಮೇಡಂ."

"ನಿಮ್ಮ ಮಾವ ಓಡಿಸುವಾಗ ಕುಡೀತಿರಲಿಲ್ವಲ್ಲ."

ಮೇಡಂ ಪುಸ್ತಕ ಮುಚ್ಚಿದರು. "ನಾಳೆ ಟ್ಯಾಂಕ್ ಖಾಲಿ ಮಾಡಿ ನನ್ನೆದುರಿಗೆ ಒಂಬತ್ತು ಲೀಟರ್ ಹಾಕಿ. ಮಾವನಿಗಿಂತ ಒಂದು ಹೆಚ್ಚೇ ಕೊಟ್ಟಿದ್ದೀನಿ. ಬರುವಾಗ ಏಳೂ ಕೋಣೆ ಕಾರ್ಡು ತಗೊಂಡು ಬನ್ನಿ. ನೋಡೋಣ."

ಸುದ್ದಿ ಮನೆಗೆ ಅವರಿಗಿಂತ ಮೊದಲೇ ಮುಟ್ಟಿತ್ತು. ಊಟಕ್ಕೆ ಕೂತಾಗ ಮಗಳು ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

"ಪೆಟ್ರೋಲ್ ಕಳ್ಳ ಅಂತ ನಲ್ಲಿ ಹತ್ರ ಮಾತಾಡ್ಕೋತಿದ್ರು ರೀ. ನಾನು ಬಿಂದಿಗೆ ಅರ್ಧಕ್ಕೇ ಎತ್ಕೊಂಡು ಬಂದೆ."

"ಮಾತಾಡ್ಲಿ ಬಿಡು."

"ಏನು ಬಿಡೋದು? ಅಪ್ಪ ಲೀಟರಿಗೆ ಹನ್ನೆರಡು ತರ್ತಿದ್ರು. ಅಪ್ಪನೇ ಕಲಿಸಿದ್ದಾರೆ. ನಿಮಗೇನು ಬಂದಿದೆ? ನಿಜ ಹೇಳಿ, ಆ ಪೆಟ್ರೋಲ್ ಏನು ಮಾಡ್ತಿದ್ದೀರಾ?"

ಅಳಿಯ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಒಂದು ಕ್ಷಣ ಅವನ ಕಣ್ಣು ಮಾವನ ಕಡೆ ಹೊರಳಿ ಮತ್ತೆ ತಟ್ಟೆಗೆ ಬಂತು. "ಏನೂ ಮಾಡ್ತಿಲ್ಲ ಕಣೆ," ಎಂದು ಊಟ ಮುಂದುವರಿಸಿದ. ಲೀಟರಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಹೇಳಲು ನಾಲ್ಕೇ ನಾಲ್ಕು ಮಾತು ಸಾಕಾಗಿತ್ತು, ಬಾಯಿ ಮಾತ್ರ ಏಳಲಿಲ್ಲ. "ನಾಳೆ ಹೇಗಾದ್ರೂ ಒಂಬತ್ತರಲ್ಲೇ ಬಂದುಬಿಡಿ," ಎಂದಳು ಮಗಳು. "ಬಂದ್ರೆ ಎಲ್ಲರ ಬಾಯಿ ಮುಚ್ಚುತ್ತೆ."

ಈ ಮಾತು ಲೀಟರಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಒಂಬತ್ತು ಲೀಟರಿನಲ್ಲಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದು ಅವನಿಗೆ ಅಂಗೈಯ ಗೆರೆಯಷ್ಟು ಗೊತ್ತು: ವಾಪಸ್ ಬರುವಾಗ, ಡಿಪೋ ಇನ್ನೂ ಇಪ್ಪತ್ತೇಳು ಕಿಲೋಮೀಟರ್ ಇರುವಾಗ. ಫೋನ್ ಸಿಗ್ನಲ್ಲಿಲ್ಲ, ತಲೆಯ ಮೇಲೆ ನೆರಳಿಲ್ಲ. ಅಲ್ಲದೆ ಗಾಡಿ ನಿಂತರೆ ಮೇಡಂ ಮುಂದಿನ ಪ್ರಶ್ನೆ ತನಗೇ ಕೇಳುತ್ತಾರೆ. ಅಳಿಯ ವಾಪಸ್ ಬಂದನೋ, ಇಬ್ಬರೂ ಬಚಾವು. ಬೆಳಿಗ್ಗೆ ಟ್ಯಾಂಕ್ ಖಾಲಿ ಮಾಡುವ ಕೆಲಸ ಅವನದೇ. ಪೈಪಿನ ತುದಿಯನ್ನು ತಳ ಮುಟ್ಟಿಸದೆ ಹಿಡಿದು ಒಳಗೆ ಮೂರೂವರೆ ಲೀಟರ್ ಉಳಿಸಿಕೊಂಡ. ಮೇಡಂ ಬಗ್ಗಿ ನೋಡಿದರು. ಟ್ಯಾಂಕಿನ ಬಾಯಲ್ಲಿ ಕತ್ತಲು ಬಿಟ್ಟು ಏನೂ ಕಾಣಲಿಲ್ಲ. ಮೇಲಿನಿಂದ ಒಂಬತ್ತು ಲೀಟರ್ ಅಳೆದು ಹಾಕಿದ. ಕೈ ಒಂದು ಹನಿ ಚೆಲ್ಲಲಿಲ್ಲ.

ಗಾಡಿ ಹೋಯಿತು. ಲೀಟರಪ್ಪ ಇಡೀ ದಿನ ಗೇಟಿಗೂ ಸ್ಟೂಲಿಗೂ ಓಡಾಡಿದ. ಕಾರ್ಡಿನ ವಿಷಯ ನೆನಪಾದಾಗಲೆಲ್ಲ ಮತ್ತೆ ಗೇಟಿಗೆ ಹೋಗಿ ಇಣುಕಿದ. ಸಂಜೆ ನಾಲ್ಕೂವರೆಗೆ ದೂರದಲ್ಲಿ ಎಂಜಿನ್ ಸದ್ದು ಕೇಳಿತು. ಅಳಿಯ ಧೂಳು ತುಂಬಿದ ಮುಖದಲ್ಲಿ ಗೇಟು ದಾಟಿ ಬಂದು ಗಾಡಿ ನಿಲ್ಲಿಸಿ, ಚೀಲದಿಂದ ಏಳು ಕಾರ್ಡು ತೆಗೆದು ಮೇಡಂ ಮೇಜಿನ ಮೇಲಿಟ್ಟ.

ಮೇಡಂ ಒಂದೊಂದಾಗಿ ನೋಡಿದರು. ಏಳನೆಯದನ್ನು ಕೈಗೆತ್ತಿಕೊಂಡರು. ಅವರು ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ, "ಸರಿ ಇದೆ," ಎಂದು ಇಟ್ಟರು. ಲೀಟರಪ್ಪ ಕತ್ತು ಚಾಚಿ ನೋಡಿದ. ಕಾರ್ಡು ತುಂಬಿತ್ತು. ಅವನು ಹೋಗದ ಹದಿನಾಲ್ಕು ತಿಂಗಳ ಒಂದೊಂದು ದಿನಕ್ಕೂ ಅಂಕಿ ಇತ್ತು, ಪಕ್ಕದಲ್ಲಿ ಅವನದೇ ಸಹಿಯಂಥ ಸಹಿ ಇತ್ತು. ಅವನು ತನ್ನ ಪುಸ್ತಕದಲ್ಲಿ ಬರೆದ ಸುಳ್ಳು ಅಂಕಿಗಳೇ, ಒಂದೂ ತಪ್ಪಿಲ್ಲದೆ. ಅಳಿಯ ಕಿಟಕಿಯ ಆಚೆ ನೋಡುತ್ತಿದ್ದ.

ಗೊತ್ತಿತ್ತು. ಮೊದಲ ದಿನದಿಂದಲೂ ಅವನಿಗೆ ಗೊತ್ತಿತ್ತು. ಲೀಟರಪ್ಪ ಪಕ್ಕದ ಕಪಾಟು ಹಿಡಿದುಕೊಂಡ.

"ಹಾಗಾದ್ರೆ ಒಂಬತ್ತರಲ್ಲಿ ಬರುತ್ತೆ," ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. "ಏಳೂ ಕೋಣೆಗೆ ಹೋಗಿ, ಒಂಬತ್ತರಲ್ಲಿ ಬಂದಿದ್ದೀರಿ. ಮೂರು ತಿಂಗಳು ಹನ್ನೆರಡು ತಗೊಂಡ್ರಲ್ಲ, ಮಿಕ್ಕಿದ್ದು ಎಲ್ಲಿಗೆ ಹೋಯ್ತು?"

ಲೀಟರಪ್ಪನಿಗೆ ಆಗ ಹೊಳೆಯಿತು. ತಾನು ಉಳಿಸಿದ್ದು ಅಳಿಯನನ್ನಲ್ಲ. ಅವನ ಕುತ್ತಿಗೆಗೆ ಹಗ್ಗ ಬಿಗಿದಿದ್ದು. ಗಾಡಿ ನಿಂತಿದ್ದರೆ ಅವನ ಮಾತು ನಿಜವಾಗುತ್ತಿತ್ತು. ಬಂದದ್ದೇ ಸಾಕ್ಷಿಯಾಯಿತು.

"ಗೊತ್ತಿಲ್ಲ ಮೇಡಂ," ಎಂದ ಅಳಿಯ.

"ಗೊತ್ತಿಲ್ಲ ಅಂದ್ರೆ ನಾನೂ ಬೇರೆ ಏನೂ ಮಾಡೋಕಾಗಲ್ಲ. ಕೀ ಇಲ್ಲಿಡಿ. ಮುಖ್ಯ ಕಚೇರಿಗೆ ಬರೀತೀನಿ. ಕೆಲಸ ಉಳಿಯುತ್ತೆ ಅಂತ ನಂಬ್ಕೊಂಡಿರಬೇಡಿ."

ಅಳಿಯ ಕೀ ಇಟ್ಟ. ಅಷ್ಟು ಹೊತ್ತಿಗೆ ಲೀಟರಪ್ಪನ ಬಾಯಿ ತಾನಾಗಿಯೇ ತೆರೆದುಕೊಂಡಿತ್ತು.

"ಮೇಡಂ, ಅವನು ಕಳ್ಳ ಅಲ್ಲ. ನಾನೇ ಏಳನೇ ಕೋಣೆಗೆ ಹೋಗ್ತಿರಲಿಲ್ಲ. ಹದಿನಾಲ್ಕು ತಿಂಗಳು ಆರರಿಂದಲೇ ತಿರುಗಿಸ್ಕೊಂಡು ಬಂದಿದ್ದೀನಿ. ಲೀಟರಿಗೆ ಹನ್ನೆರಡು ಅನ್ನೋದು ಸುಳ್ಳು. ಇವತ್ತು ಟ್ಯಾಂಕಲ್ಲಿ ಮೂರೂವರೆ ಲೀಟರ್ ಬಿಟ್ಟಿದ್ದೂ ನಾನೇ."

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. ಆ ನೋಟದಲ್ಲಿ ಗೌರವವಿತ್ತು, ಅದೇ ತೊಂದರೆ. "ಮಗಳ ಸಂಸಾರ ಉಳಿಯಲಿ ಅಂತ ಹೇಳ್ತಿದ್ದೀರಿ. ಅರ್ಥ ಆಗುತ್ತೆ."

"ಇಲ್ಲ ಮೇಡಂ, ನಿಜ ಹೇಳ್ತಿದ್ದೀನಿ."

"ಕಾರ್ಡು ತುಂಬಿದೆಯಲ್ಲ. ಪುಸ್ತಕಕ್ಕೂ ಇದಕ್ಕೂ ತಾಳೆ ಆಗುತ್ತೆ."

"ಅದು ನನ್ನ ಬರಹ ಅಲ್ಲ. ಇವನೇ ಬರೆದಿದ್ದು."

ಮೇಡಂ ಅಳಿಯನ ಕಡೆ ತಿರುಗಿದರು. ಅಳಿಯ ಕಿಟಕಿಯಿಂದ ಕಣ್ಣು ಕೀಳದೆ, "ಮಾವನದೇ ಬರಹ ಮೇಡಂ," ಎಂದ.

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಲೀಟರಪ್ಪ ಹೇಳಿದ ಸುಳ್ಳನ್ನೆಲ್ಲ ಜನ ನಂಬಿದ್ದರು. ಮೊದಲ ಸಲ ನಿಜ ಹೇಳಿದರೆ ಅದಕ್ಕೇ ಬೆಲೆಯಿಲ್ಲ. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಮೇಜು ಗುದ್ದಿದ.

"ನಾಡಿದ್ದು ನಾನು ಓಡಿಸ್ತೀನಿ. ಎಂಟೇ ಲೀಟರ್. ಟ್ಯಾಂಕ್ ಬಿಚ್ಚಿಸಿ ಕೆಳಗೆ ಕವುಚಿ ನೋಡಿ, ಪೆಟ್ರೋಲು ನೀವೇ ಅಳೆದು ಹಾಕಿ. ನೀವೂ ಹಿಂದೆ ಇನ್ನೊಂದು ಗಾಡೀಲಿ ಬನ್ನಿ. ಏಳನೇ ಕೋಣೆಗೆ ಹೋಗಿ ಎಂಟರಲ್ಲಿ ನಾನು ಇಲ್ಲಿಗೆ ಬಂದ್ರೆ ಇವನನ್ನ ಮನೆಗೆ ಕಳಿಸಿ."

ಮೇಡಂ ಒಪ್ಪಿದರು. ಅವರಿಗೆ ಗಾಡಿ ಓಡಿಸಲು ಬಾರದು; ಎರಡನೇ ಗಾಡಿಯನ್ನು ಅಳಿಯನೇ ಓಡಿಸಬೇಕು, ಅವರು ಹಿಂದೆ ಕೂರಬೇಕು ಎಂದಾಯಿತು. ಮಗಳಿಗೆ ಏನು ವಿಷಯವೆಂದು ಯಾರೂ ಬಿಡಿಸಿ ಹೇಳಲಿಲ್ಲ. ಅಪ್ಪ ತನ್ನ ಗಂಡನಿಗೆ ಹೇಗೆ ಓಡಿಸಬೇಕೆಂದು ತೋರಿಸಲು ಹೋಗುತ್ತಿದ್ದಾನೆ ಎಂದೇ ಅವಳು ತಿಳಿದಳು. ಗಂಡನ ಜೊತೆ ಅವಳು ಮಾತು ಬಿಟ್ಟು ಎರಡು ದಿನವಾಗಿತ್ತು.

ಆ ಬೆಳಿಗ್ಗೆ ಮೆಕ್ಯಾನಿಕ್ ಟ್ಯಾಂಕ್ ಬಿಚ್ಚಿ ಕವುಚಿ ತೋರಿಸಿದ. ಮೇಡಂ ಎಂಟು ಲೀಟರ್ ಅಳೆದು ಸುರಿದರು, ಅರ್ಧ ಲೋಟದಷ್ಟು ಅವರ ಚಪ್ಪಲಿಯ ಮೇಲೆ ಚೆಲ್ಲಿದ್ದನ್ನೂ ಬಿಡದೆ ಮತ್ತೆ ತುಂಬಿಸಿದರು. ಎರಡೂ ಗಾಡಿ ಹೊರಟವು. ಒಂದರಿಂದ ಆರನೇ ಕೋಣೆಯವರೆಗೆ ಲೀಟರಪ್ಪ ತನ್ನ ಕೈಚಳಕವನ್ನೆಲ್ಲ ತೋರಿಸಿದ. ಬೇಕೆಂದೇ ಪೆಟ್ರೋಲ್ ಉರಿಸಿದ ಎಂದು ನಾಳೆ ಯಾರೂ ಅನ್ನಬಾರದು. ಹೆಬ್ಬೆರಳು ಹಗುರ, ಗೇರು ಹದ, ಇಳಿತದಲ್ಲಿ ಗಾಡಿ ತಾನಾಗಿ ಜಾರುವಷ್ಟು ಸಡಿಲ. ಇಷ್ಟು ಚೆನ್ನಾಗಿ ಅವನು ಎಂದೂ ಓಡಿಸಿರಲಿಲ್ಲ.

ದಿಣ್ಣೆಯ ಮೇಲೆ ಬಂದಾಗ ಗಾಡಿ ನಿಂತಿತು. ನಿಲ್ಲಿಸಿದವನು ಅವನೇ. ಕೆಳಗೆ ಹರಳುಕಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ಹ್ಯಾಂಡಲ್ ಹಿಡಿದ ಎರಡೂ ಕೈ ನಡುಗತೊಡಗಿದವು, ಮೊಣಕೈವರೆಗೆ. ಅಳಿಯ ತನ್ನ ಗಾಡಿಯಿಂದ ಇಳಿದು ಹತ್ತಿರ ಬಂದ. ಮೇಡಂ ಹಿಂದೆಯೇ ಕೂತು ನೋಡುತ್ತಿದ್ದರು.

"ಮಾವ, ಬೇಡ. ತಿರುಗಿಸಿ. ನಾನು ಬೇರೆ ಕಡೆ ಕೆಲಸ ನೋಡ್ಕೋತೀನಿ."

"ನೀವು ಯಾಕ್ರೀ ಆ ಕಾರ್ಡು ತುಂಬಿಸೋಕೆ ಹೋದ್ರಿ?"

"ಮನೇಲಿ ಅವಳು ದಿನಕ್ಕೆ ಹತ್ತು ಸಲ ಅಪ್ಪ ಅಪ್ಪ ಅಂತಾಳೆ. ನಾನು ಬಂದು ಅದನ್ನ ಹಾಳು ಮಾಡ್ಲಾ?"

"ನನ್ನಿಂದ ನಿನಗೆ..." ಎಂದ ಲೀಟರಪ್ಪ 'ನೀವು' ಮರೆತದ್ದನ್ನೂ ಗಮನಿಸಲಿಲ್ಲ. "ದೂರ ನಿಲ್ಲು. ಮಗುಚಿದ್ರೆ ಎತ್ತೋಕೆ ಬಾ." ಮೊದಲ ಗೇರಿಗೆ ಹಾಕಿ ಸೀಟಿನ ಹಿಂತುದಿಗೆ ಸರಿದು ಕೂತ. ಕಣ್ಣು ಮುಚ್ಚಬೇಕೆನ್ನಿಸಿತು, ಮುಚ್ಚಲಿಲ್ಲ. ಗಾಡಿ ಒಂದೊಂದೇ ಕಲ್ಲು ಮೆಟ್ಟುತ್ತ ಇಳಿಯಿತು, ಒಮ್ಮೆ ಎಡಕ್ಕೆ ವಾಲಿತು. ಅವನು ಮೈಯನ್ನು ಬಲಕ್ಕೆ ಎಸೆದ. ಗಾಡಿ ಮತ್ತೆ ನೆಟ್ಟಗಾಯಿತು. ಕೆಳಗೆ ಮುಟ್ಟಿದ ಮೇಲೂ ಹತ್ತು ನಿಮಿಷ ಅವನಿಗೆ ಹ್ಯಾಂಡಲಿನಿಂದ ಬೆರಳು ಬಿಡಿಸಲಾಗಲಿಲ್ಲ. ಏಳನೇ ಕೋಣೆಯ ಮೀಟರಿನಲ್ಲಿ ಒತ್ತಡ ಆರನೆಯದಕ್ಕಿಂತ ನಾಲ್ಕು ಹೆಚ್ಚಿತ್ತು.

ವಾಪಸ್ ಏರುವಾಗ ಎಂಜಿನ್ ಅರಚಿಕೊಂಡಿತು. ಆ ಸದ್ದಿನಲ್ಲಿ ಹನಿ ಹನಿ ಪೆಟ್ರೋಲ್ ಹೋಗುವುದು ಅವನ ಕಿವಿಗೆ ಕೇಳಿಸುತ್ತಿತ್ತು. ಜೀವಮಾನವೆಲ್ಲ ಪೆಟ್ರೋಲ್ ಉಳಿಯಲಿ ಎಂದು ಬಯಸಿದ ಮನುಷ್ಯ ಈಗ ಮುಗಿಯಲಿ, ಬೇಗ ಮುಗಿಯಲಿ ಎಂದು ಹಲ್ಲು ಕಚ್ಚಿಕೊಂಡಿದ್ದ. ಆರನೇ ಕೋಣೆ ಬಂತು. ದಾಟಿತು. ಗಾಡಿ ಓಡುತ್ತಲೇ ಇತ್ತು. ಅವನಿಗೆ ಗಾಬರಿಯಾಯಿತು, ಈ ಹಾಳು ಗಾಡಿ ಇವತ್ತೇ ಮರ್ಯಾದೆ ತೋರಿಸಬೇಕೇ? ಕೂಗಳತೆ ದೂರ ಹೋದ ಮೇಲೆ ಎಂಜಿನ್ ಒಮ್ಮೆ ಬಿಕ್ಕಿತು, ಎರಡನೇ ಸಲ ಬಿಕ್ಕಿತು, ನಿಂತುಹೋಯಿತು.

ಲೀಟರಪ್ಪ ಇಳಿದು ಗಾಡಿಯ ಪಕ್ಕ ನೆಲದ ಮೇಲೆ ಕೂತು ಅತ್ತ. ಹೆದರಿಕೆ ಇಳಿದ ಅಳುವೋ, ಅವಮಾನದ್ದೋ, ಅವನಿಗೇ ಬೇರ್ಪಡಿಸಲಾಗಲಿಲ್ಲ. ಮೇಡಂ ಬಂದು ಟ್ಯಾಂಕಿನ ಮುಚ್ಚಳ ತೆಗೆದರು, ಗಾಡಿಯನ್ನು ಅಲುಗಾಡಿಸಿ ಕಿವಿಯಿಟ್ಟರು. ಒಳಗೆ ಸದ್ದಿರಲಿಲ್ಲ. ಡಿಪೋ ಇನ್ನೂ ಮೂವತ್ತಾರು ಕಿಲೋಮೀಟರ್.

"ಅರವತ್ತಕ್ಕೆ ಎಂಟು," ಎಂದ ಲೀಟರಪ್ಪ ಮೂಗೊರೆಸಿಕೊಂಡು. "ಲೀಟರಿಗೆ ಏಳೂವರೆ ಬಂತು ಮೇಡಂ."

ಮೇಡಂ ಗಾಡಿಯಿಂದ ಕೀ ಕಿತ್ತು ಅಳಿಯನ ಕೈಗಿಟ್ಟರು. "ನಿಮ್ಮ ವಿಷಯ ನಾನು ಬರೀಲೇಬೇಕಾಗುತ್ತೆ," ಎಂದರು ಲೀಟರಪ್ಪನಿಗೆ. "ಬರೀರಿ," ಎಂದ ಅವನು. ಅಳಿಯ ತನ್ನ ಗಾಡಿಯಲ್ಲಿ ಕಟ್ಟಿ ತಂದಿದ್ದ ಕ್ಯಾನಿನಿಂದ ಪೆಟ್ರೋಲ್ ಸುರಿಯುತ್ತಿದ್ದ.

ಡಿಪೋ ಮುಟ್ಟಿ ಮೇಡಂ ಇಳಿದು ಹೋದ ಮೇಲೆ ಇಬ್ಬರೂ ಕ್ವಾರ್ಟರ್ಸಿನ ಕಡೆ ನಡೆದರು. ಬಾಗಿಲ ಹತ್ತಿರ ಅಳಿಯ ತಗ್ಗಿದ ದನಿಯಲ್ಲಿ, "ಅವಳಿಗೆ ಕಾರ್ಬುರೇಟರ್ ಕೆಟ್ಟಿತ್ತು ಅಂತ ಹೇಳೋಣ ಮಾವ. ಕೆಲಸ ಹೇಗೂ ಉಳೀತಲ್ಲ," ಎಂದ.

ಒಳಗಿನಿಂದ ಮಗಳು ಬಂದು ಅಪ್ಪನ ಮುಖವನ್ನೇ ನೋಡಿದಳು. "ಎಷ್ಟು ಬಂತಪ್ಪ? ತೋರಿಸಿಕೊಟ್ರಾ ಇವರಿಗೆ?"

ಅವನು ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತು ಎಲ್ಲ ಹೇಳಿದ. ಗಾಡಿ ಮಗುಚಿದ್ದು, ಕೈ ನಡುಗಿದ್ದು, ಹದಿನಾಲ್ಕು ತಿಂಗಳು, ಸುಳ್ಳು ಅಂಕಿ, ಟ್ಯಾಂಕಿನಲ್ಲಿ ಉಳಿಸಿದ ಮೂರೂವರೆ ಲೀಟರ್, ಕಾರ್ಡು ತುಂಬಿಸಿ ತುಟಿ ಹೊಲಿದುಕೊಂಡ ಗಂಡ. ಏನೂ ಬಿಡಲಿಲ್ಲ, ಏನೂ ಸೇರಿಸಲಿಲ್ಲ. ಮಗಳು ಒಳಗೆ ಹೋಗಿ ಒಂದು ಲೋಟ ನೀರು ತಂದು, ಅಪ್ಪನನ್ನು ದಾಟಿಕೊಂಡು ಬಂದು, ಧೂಳಾಗಿದ್ದ ಗಂಡನ ಕೈಗೆ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಅವನ ತೋಳು ಹಿಡಿದುಕೊಂಡೇ ನಿಂತಿದ್ದಳು.

"ನಿಮಗೂ ತರ್ತೀನಿ," ಎಂದು ಅಪ್ಪನ ಮುಖ ನೋಡದೆ ಹೇಳಿ ಒಳಗೆ ಹೋದಳು. ಲೀಟರಪ್ಪ ಹೊಸ್ತಿಲಾಚೆ ನಿಂತೇ ಇದ್ದ. ಅವಳು ಬಹಳ ಹೊತ್ತು ಬರಲಿಲ್ಲ.